ಚಿಪ್ಪುಗಳ ಪಂಡಿತ ಲಮಾರ್ಕ್

ಎಲೆಗಾಗಿ ಕತ್ತು ಚಾಚಿ ಚಾಚಿ ಜಿರಾಫೆಯ ಕತ್ತು ಉದ್ದವಾಯಿತೆಂಬ ವಾದದ ಜೊತೆ ಲಮಾರ್ಕ್‌ನ ಹೆಸರನ್ನು ಪಠ್ಯಪುಸ್ತಕದಲ್ಲಿ ಓದಿದ್ದೀರಿ. ಆ ವಾದ ಬಿದ್ದುಹೋಯಿತೆಂಬುದನ್ನೂ ಓದಿದ್ದೀರಿ. ಆದರೆ ಕಡಲ ಶಂಖಗಳ ಮೇಲೆ ಆತ ಮಾಡಿದ ಕೆಲಸ ಇಂದಿಗೂ ನಿಂತಿದೆ.

ಜೀನ್ ಬ್ಯಾಪ್ಟಿಸ್ಟ್ ಲಮಾರ್ಕ್ 1744ರಲ್ಲಿ ಉತ್ತರ ಫ್ರಾನ್ಸಿನ ಹಳ್ಳಿಯೊಂದರಲ್ಲಿ, ಹೆಸರಿದ್ದೂ ಹಣವಿಲ್ಲದ ಮನೆತನದ ಹನ್ನೊಂದನೆಯ ಮಗುವಾಗಿ ಹುಟ್ಟಿದ. ಸೈನ್ಯ ಸೇರಿದ, ಬಿಟ್ಟ, ಸಸ್ಯಶಾಸ್ತ್ರಜ್ಞನಾದ. 1793ರಲ್ಲಿ ಪ್ಯಾರಿಸಿನ ನಿಸರ್ಗ ವಸ್ತುಸಂಗ್ರಹಾಲಯ ಆತನಿಗೆ ವಹಿಸಿದ್ದು ಕೀಟ ಮತ್ತು ಹುಳುಗಳ ಪ್ರಾಧ್ಯಾಪಕ ಹುದ್ದೆ. ವಯಸ್ಸು ಐವತ್ತರ ಹತ್ತಿರ, ಬಲ್ಲದ್ದು ಗಿಡಮರ! ಹೊಸದಾಗಿ ಕಲಿಯಲು ಕುಳಿತ.

ಪ್ಯಾರಿಸ್ ಕಡಲಿನಿಂದ ದೂರದ ಊರು. ಆದರೆ ಸುಮಾರು ನಾಲ್ಕೂವರೆ ಕೋಟಿ ವರ್ಷಗಳ ಹಿಂದೆ ಅಲ್ಲಿ ಬೆಚ್ಚಗಿನ, ಆಳವಿಲ್ಲದ ಸಮುದ್ರವಿತ್ತು. ನಗರದ ಪಶ್ಚಿಮಕ್ಕಿರುವ ಗ್ರಿನ್ಯೋನ್‌ನ ನೆಲದಲ್ಲಿ ನಿನ್ನೆ ಮೊನ್ನೆ ದಡಕ್ಕೆ ಬಂದವೇನೋ ಎಂಬಂಥ ಶಂಖಗಳು ಸಿಗುತ್ತಿದ್ದವು. 1802ರಿಂದ ಲಮಾರ್ಕ್ ಅವನ್ನು ಒಂದೊಂದಾಗಿ ವಿವರಿಸತೊಡಗಿದ. ನೀವೂ ಒಂದು ಶಂಖ ಕೈಗೆತ್ತಿಕೊಂಡು ನೋಡಿ: ಬಾಯಿ ದುಂಡಗಿದೆಯೋ ಸೀಳಿನಂತಿದೆಯೋ? ಬಾಯಿಯ ತುದಿಯಲ್ಲಿ ಕಾಲುವೆ ಇದೆಯೇ? ಸುರುಳಿಗಳ ಮೇಲೆ ಗಂಟುಗಳೋ ಗೀರುಗಳೋ? ಇಂಥ ಗುರುತುಗಳಿಂದಲೇ ಕುಲ, ಪ್ರಭೇದ ಬೇರ್ಪಡುತ್ತವೆ. ಮೊಳೆಯಂತೆ ಚೂಪಾದ ಶಂಖಗಳಿಗೆ 1799ರಲ್ಲಿ ಆತನಿಟ್ಟ ಟರಿಟೆಲ್ಲಾ ಎಂಬ ಹೆಸರನ್ನು ವಿಜ್ಞಾನಿಗಳು ಈಗಲೂ ಬಳಸುತ್ತಾರೆ. 1804ರಲ್ಲಿ ವಿವರಿಸಿದ ಒಂದು ಶಂಖವಂತೂ ಮೊಳದುದ್ದದ ದೈತ್ಯ! ಅದರ ಕುಲದ ಒಂದೇ ಒಂದು ಪ್ರಭೇದ ಇಂದು ಆಸ್ಟ್ರೇಲಿಯಾದ ನೈಋತ್ಯ ಕರಾವಳಿಯಲ್ಲಿ ಬದುಕಿದೆ.

ಹಳೆಯ ಚಿಪ್ಪಿನ ಪಕ್ಕದಲ್ಲಿ ಇಂದಿನ ಚಿಪ್ಪನ್ನಿಟ್ಟು ಹೋಲಿಸಿದ್ದೇ ಲಮಾರ್ಕ್‌ನ ಹೆಚ್ಚುಗಾರಿಕೆ. ಕೆಲವು ಹೋಲುತ್ತಿದ್ದವು, ಹಲವು ಹೋಲುತ್ತಿರಲಿಲ್ಲ. ಹಳೆಯ ಜೀವಿಗಳು ಮಹಾವಿಪತ್ತುಗಳಲ್ಲಿ ಅಳಿದವೆಂದು ಸಹೋದ್ಯೋಗಿ ಕ್ಯುವಿಯೇ ಸಾಧಿಸಿದ. ಅಳಿದಿಲ್ಲ, ಪರಿಸರದೊಡನೆ ನಿಧಾನವಾಗಿ ಬದಲಾದವೆಂದು ಲಮಾರ್ಕ್ 1809ರ ತನ್ನ ಗ್ರಂಥದಲ್ಲಿ ವಾದಿಸಿದ. ಜೀವಿಗಳು ಅಳಿಯುತ್ತವೆಂಬುದರಲ್ಲಿ ಕ್ಯುವಿಯೇ ಸರಿ, ಬದಲಾಗುತ್ತವೆಂಬುದರಲ್ಲಿ ಲಮಾರ್ಕ್ ಸರಿ. ಅಂದು ಮಾನ್ಯತೆ ಸಿಕ್ಕಿದ್ದು ಮಾತ್ರ ಕ್ಯುವಿಯೇಗೆ.

ಬೆನ್ನುಮೂಳೆಯಿಲ್ಲದ ಪ್ರಾಣಿಗಳ ಕುರಿತ ಆತನ ಏಳು ಸಂಪುಟಗಳು 1815ರಿಂದ 1822ರವರೆಗೆ ಹೊರಬಂದವು. ಅಷ್ಟರಲ್ಲಿ ಕಣ್ಣು ಪೂರ್ತಿ ಹೋಗಿತ್ತು. ಕೊನೆಯ ಭಾಗವನ್ನು ಆತ ಹೇಳಿದಂತೆ ಬರೆದುಕೊಂಡವಳು ಮಗಳು. ಆಕೆಯನ್ನೂ ಆ ಸಂಪುಟಗಳ ಕರ್ತೃವೆಂದೇ ಎಣಿಸಬೇಕು ಎಂಬುದು ನನ್ನ ಅಭಿಪ್ರಾಯ.

1829ರಲ್ಲಿ ಬಡತನದಲ್ಲೇ ತೀರಿಕೊಂಡ ಲಮಾರ್ಕ್‌ನನ್ನು ಬಾಡಿಗೆಯ ಗೋರಿಯಲ್ಲಿ ಹೂಳಿದರು. ಮುಂದೆ ಅದೂ ಉಳಿಯಲಿಲ್ಲ. ಆತನ ಚಿಪ್ಪುಗಳ ಸಂಗ್ರಹ ಕೈಯಿಂದ ಕೈಗೆ ಮಾರಾಟವಾಗಿ, ಈಗ ಜಿನೀವಾದ ವಸ್ತುಸಂಗ್ರಹಾಲಯದಲ್ಲಿದೆ.