ಸೊಂಟದ ಕೀಲಿನ ವೈದ್ಯ ಸರ್ ಜಾನ್ ಚಾರ್ನ್ಲಿ

ವಿದ್ಯಾರ್ಥಿಗಳೇ, ಕಬ್ಬಿನ ಹಂಗಾಮಿನಲ್ಲಿ ಅಥಣಿ, ರಾಯಬಾಗ, ಕಾಗವಾಡದ ರಸ್ತೆಗಳಲ್ಲಿ ಹೇರು ತುಂಬಿದ ಚಕ್ಕಡಿಗಳನ್ನು ನೀವು ನೋಡಿರುತ್ತೀರಿ. ಗಾಲಿಗೆ ಕೀಲೆಣ್ಣೆ ಹಾಕದಿದ್ದರೆ ಏನಾಗುತ್ತದೆ? ಕಿರ್ ಕಿರ್ ಸದ್ದು ಬರುತ್ತದೆ, ಅಚ್ಚು ಬೇಗ ಸವೆಯುತ್ತದೆ. ಇಂಥದೇ ಒಂದು ಸದ್ದು ವೈದ್ಯರೊಬ್ಬರನ್ನು ಯೋಚನೆಗೆ ಹಚ್ಚಿತು. ಅವರೇ ಸರ್ ಜಾನ್ ಚಾರ್ನ್ಲಿ.

ಚಾರ್ನ್ಲಿ 1911ರ ಆಗಸ್ಟ್ 29ರಂದು ಇಂಗ್ಲೆಂಡಿನ ಬರಿ ಎಂಬ ಊರಿನಲ್ಲಿ ಜನಿಸಿದರು. ತಂದೆಗೆ ಔಷಧಿ ಅಂಗಡಿ ಇತ್ತು, ತಾಯಿ ದಾದಿಯಾಗಿದ್ದರು. ಮ್ಯಾಂಚೆಸ್ಟರಿನಲ್ಲಿ ಓದಿ 1935ರಲ್ಲಿ ವೈದ್ಯರಾದರು. ಎರಡನೇ ಮಹಾಯುದ್ಧದಲ್ಲಿ ಸೈನ್ಯದ ವೈದ್ಯರಾಗಿ ಈಜಿಪ್ಟಿನಲ್ಲಿದ್ದಾಗ ಮೂಳೆ ಮುರಿದವರಿಗೆ ಬೇಕಾದ ಸಲಕರಣೆಗಳನ್ನು ರೂಪಿಸಿದರು.

ನಿಮ್ಮ ತೊಡೆಮೂಳೆಯ ತುದಿಯಲ್ಲಿ ಚೆಂಡಿನಂಥ ಭಾಗವಿದೆ. ಅದು ಸೊಂಟದ ಮೂಳೆಯ ಬಟ್ಟಲಿನಂಥ ಕುಳಿಯಲ್ಲಿ ತಿರುಗುತ್ತದೆ. ಈ ಕೀಲು ಸವೆದರೆ ಹೆಜ್ಜೆ ಇಡುವುದೂ ಕಷ್ಟ. ಕೃತಕ ಕೀಲು ಹಾಕಿಸಿಕೊಂಡಿದ್ದ ಒಬ್ಬ ರೋಗಿ ನಡೆದಾಗಲೆಲ್ಲ ಕೀಲು ಕಿರುಗುಟ್ಟುತ್ತಿತ್ತು. ಘರ್ಷಣೆ ಕಡಿಮೆ ಮಾಡಬೇಕೆಂದು ಚಾರ್ನ್ಲಿ ಆಗ ತಿಳಿದರು.

ಅವರು ಲೋಹದ ಸಣ್ಣ ಚೆಂಡಿಗೆ ಟೆಫ್ಲಾನ್ ಬಟ್ಟಲನ್ನು ಜೋಡಿಸಿದರು. ಕೆಲವೇ ವರ್ಷಗಳಲ್ಲಿ ಟೆಫ್ಲಾನ್ ಸವೆದು ರೋಗಿಗಳಿಗೆ ಮತ್ತೆ ನೋವು ಬಂತು. ಚಾರ್ನ್ಲಿ ಈ ಸೋಲನ್ನು ಮುಚ್ಚಿಡಲಿಲ್ಲ. ಟೆಫ್ಲಾನ್ ಚೂರನ್ನು ತಮ್ಮ ತೊಡೆಯೊಳಗೇ ಇಟ್ಟುಕೊಂಡು ಪರೀಕ್ಷಿಸಿದರು! 1962ರಲ್ಲಿ ಅವರ ತಂತ್ರಜ್ಞ ಹ್ಯಾರಿ ಕ್ರೇವನ್ ಗಟ್ಟಿಯಾದ ಪಾಲಿಥೀನನ್ನು ಯಂತ್ರದಲ್ಲಿ ಉಜ್ಜಿ ನೋಡಿದರು. ಅದು ಬಹಳ ಕಡಿಮೆ ಸವೆಯಿತು. ಅದೇ ವರ್ಷ ನವೆಂಬರಿನಿಂದ ಅದರ ಬಟ್ಟಲು ಬಳಕೆಗೆ ಬಂತು.

ಆದರೆ ಇನ್ನೊಂದು ಶತ್ರು ಉಳಿದಿತ್ತು. ಅದೇ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ. ಮೊದಲ ವರ್ಷಗಳಲ್ಲಿ ನೂರು ರೋಗಿಗಳಲ್ಲಿ ಸುಮಾರು 7 ಜನರ ಹೊಸ ಕೀಲಿಗೆ ಸೋಂಕು ತಗಲುತ್ತಿತ್ತು. ನಮ್ಮ ಚರ್ಮದಿಂದ ಉದುರುವ ಸೂಕ್ಷ್ಮ ಕಣಗಳ ಮೇಲೆ ಕುಳಿತು ರೋಗಾಣುಗಳು ಗಾಳಿಯಲ್ಲಿ ತೇಲುತ್ತವೆ. ಆದ್ದರಿಂದ ಚಾರ್ನ್ಲಿ ಶೋಧಿಸಿದ ಗಾಳಿ ಹರಿಯುವ ಸಣ್ಣ ಶಸ್ತ್ರಚಿಕಿತ್ಸಾ ಕೋಣೆಯನ್ನು ಕಟ್ಟಿಸಿದರು. ವೈದ್ಯರ ಉಸಿರನ್ನು ಕೊಳವೆಯಿಂದ ಹೊರಗೆಳೆಯುವ ಉಡುಪನ್ನೂ ಮಾಡಿಸಿದರು. ಕ್ರಮೇಣ ಸೋಂಕು ನೂರಕ್ಕೆ ಒಂದಕ್ಕಿಂತ ಕಡಿಮೆಯಾಯಿತು.

ಇಷ್ಟಾದರೂ ಕೆಲವೊಮ್ಮೆ ರೋಗಾಣು ಒಳಸೇರುತ್ತದೆ. ನೀರಿನ ತೊಟ್ಟಿಯನ್ನು ಬಹಳ ದಿನ ತೊಳೆಯದಿದ್ದರೆ ಒಳಗೋಡೆಗೆ ಲೋಳೆ ಹಿಡಿಯುತ್ತದೆ, ಅಲ್ಲವೇ? ಹಾಗೆಯೇ ಬ್ಯಾಕ್ಟೀರಿಯಾಗಳು ಕೃತಕ ಕೀಲಿನ ಮೇಲೆ ಲೋಳೆಪದರ ಕಟ್ಟಿ ಅದರೊಳಗೆ ಅಡಗುತ್ತವೆ. ಆಮೇಲೆ ಔಷಧ ಅವುಗಳಿಗೆ ಸುಲಭವಾಗಿ ತಾಗದು. ಮೊದಲ ಕೆಲವು ವಾರಗಳಲ್ಲೇ ಸೋಂಕು ಗೊತ್ತಾದರೆ ವೈದ್ಯರು ಗಾಯವನ್ನು ಮತ್ತೆ ತೆರೆದು, ಕೆಟ್ಟ ಭಾಗ ತೆಗೆದು, ಚೆನ್ನಾಗಿ ತೊಳೆಯುತ್ತಾರೆ. ಬದಲಿಸಬಹುದಾದ ಬಿಡಿಭಾಗಗಳನ್ನು ಬದಲಿಸುತ್ತಾರೆ. ಯಾವ ರೋಗಾಣು ಎಂದು ಪರೀಕ್ಷಿಸಿ ಹಲವು ವಾರ ಪ್ರತಿಜೀವಕ ಔಷಧ ಕೊಡುತ್ತಾರೆ. ಆಗ ಅನೇಕರ ಕೀಲು ಉಳಿಯುತ್ತದೆ. ತಡವಾದರೆ ಇಡೀ ಕೀಲನ್ನೇ ತೆಗೆಯಬೇಕಾಗಬಹುದು.

ಚಾರ್ನ್ಲಿಯವರಿಗೆ 1977ರಲ್ಲಿ ಸರ್ ಪದವಿ ದೊರೆಯಿತು. 1982ರ ಆಗಸ್ಟ್ 5ರಂದು ಅವರು ತೀರಿಕೊಂಡರು. ಇಂದು ಜಗತ್ತಿನಾದ್ಯಂತ ಲಕ್ಷಾಂತರ ಜನ ಕೃತಕ ಕೀಲಿನಿಂದ ನಡೆಯುತ್ತಿದ್ದಾರೆ.

ಚಿಕ್ಕೋಡಿಯಲ್ಲೋ ನಿಪ್ಪಾಣಿಯಲ್ಲೋ ನಿಮ್ಮ ಮನೆಯ ಅಜ್ಜ ಅಥವಾ ಅಜ್ಜಿಗೆ ಈ ಶಸ್ತ್ರಚಿಕಿತ್ಸೆ ಆಗಿರಬಹುದು. ಗಾಯದಿಂದ ನೀರು ಅಥವಾ ಕೀವು ಸೋರಿದರೆ, ಬಾವು, ಕೆಂಪು, ನೋವು ಹೆಚ್ಚಿದರೆ, ಜ್ವರ ಬಂದರೆ ಏನು ಮಾಡುತ್ತೀರಿ? ಅಂಗಡಿಯ ಗುಳಿಗೆ ನುಂಗಿ ಕಾಯುವುದು ಬೇಡ. ಹಾಗೆ ಮಾಡಿದರೆ ಪರೀಕ್ಷೆಯಲ್ಲಿ ರೋಗಾಣು ಸಿಗದೇ ಹೋಗಬಹುದು. ಅದೇ ದಿನ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಗೆ ತೋರಿಸಲು ದೊಡ್ಡವರಿಗೆ ಹೇಳಿರಿ. ಸಮಯಕ್ಕೆ ಸರಿಯಾಗಿ ನೀವು ಹೇಳಿದ ಒಂದು ಮಾತು ಅಜ್ಜಿಯ ನಡಿಗೆಯನ್ನು ಉಳಿಸಬಲ್ಲದು.