ಮೊದಲ ಪತ್ರಿಕೆ ಕೊಟ್ಟ ಪಾದ್ರಿ

ನೇಸರಗಿ ಬಸ್ ನಿಲ್ದಾಣದಲ್ಲಿ ಸಂಜೆ ಪತ್ರಿಕೆ ಬಿಡಿಸುವವರೇ, ಕನ್ನಡದ ಮೊದಲ ಪತ್ರಿಕೆ ಹೊರಡಿಸಿದವರು ಒಬ್ಬ ಪಾದ್ರಿ ಅಂದ್ರ ನಂಬ್ತೀರಾ?

ಜರ್ಮನಿಯ ಹರ್ಮನ್ ಮೊಗ್ಲಿಂಗ್ (1811-1881) ಬಾಸೆಲ್ ಮಿಶನ್ನಿನಿಂದ 1836ರಲ್ಲಿ ಮಂಗಳೂರಿಗೆ ಬಂದರು. ಕ್ರಿಸ್ತಮತ ಸಾರುವುದೇ ಅವರ ಕೆಲಸ. ಧಾರವಾಡ ಸೀಮೆಯಲ್ಲೂ ತಿರುಗಿದರು. 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ ಹೊರಟಿತು. ಊರ ಸುದ್ದಿ, ಸರಕಾರದ ಕಾಯಿದೆ, ಕಥೆ ಎಲ್ಲಾ ಅದರಾಗ. 1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ತರುಣ ಕ್ರೈಸ್ತನಾದಾಗ ಮಂಗಳೂರಲ್ಲಿ ದೊಡ್ಡ ಗದ್ದಲವಾಯಿತು. ಮುಂದೆ ಇದೇ ಪಾದ್ರಿ ಬಸವಪುರಾಣ, ದಾಸರ ಪದಗಳನ್ನೂ ಅಚ್ಚು ಹಾಕಿಸಿದರು!

ಸಂವಿಧಾನದ 25ನೇ ವಿಧಿ ಧರ್ಮ ಸಾರುವ ಹಕ್ಕು ಕೊಟ್ಟಿದೆ. ಮತಾಂತರಿಸುವ ಹಕ್ಕು ಅದರಲ್ಲಿಲ್ಲ ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸಂತೆಯಲ್ಲಿ ಸಾರುವವನಿಗೂ ಬಾಯಿ ಇರಲಿ, ಒಲ್ಲೆ ಅನ್ನುವವನಿಗೂ ಇರಲಿ. ಕೈ ಮಾತ್ರ ಯಾರೂ ಎತ್ತಬಾರದು.