ಬೈಕಿನ ಸೈಡ್‌ಕಾರಿನಲ್ಲಿ ಕ್ರಿಸ್ತನನ್ನು ನಂಬಿದ ಮೇಷ್ಟ್ರು: ಸಿ.ಎಸ್. ಲೂಯಿಸ್ ಬದುಕು

1931ರ ಸೆಪ್ಟೆಂಬರ್ 28, ಸೋಮವಾರ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಿಂದ ಒಂದು ಮೋಟಾರ್‌ಸೈಕಲ್ ಹೊರಟಿತು. ಓಡಿಸುತ್ತಿದ್ದವರು ಸೈನ್ಯದಲ್ಲಿದ್ದ ಅಣ್ಣ ವಾರೆನ್. ಪಕ್ಕಕ್ಕೆ ಜೋಡಿಸಿದ್ದ ಸೈಡ್‌ಕಾರಿನಲ್ಲಿ ಕೂತಿದ್ದವರು ತಮ್ಮ, 32 ವರ್ಷದ ಕಾಲೇಜು ಮೇಷ್ಟ್ರು. ಶೋಲೆ ಸಿನಿಮಾದಲ್ಲಿ ಜೈ, ವೀರು ಹಾಡು ಹೇಳ್ತಾ ಹೋಗೋ ಗಾಡಿ ನೆನಪಿದೆಯಲ್ಲ, ಅಂಥದ್ದೇ ಗಾಡಿ. ಹೊರಟಿದ್ದು ವಿಪ್‌ಸ್ನೇಡ್ ಮೃಗಾಲಯ ನೋಡೋಕೆ. ಅದೇ ವರ್ಷ ಮೇ ತಿಂಗಳಲ್ಲಿ ಜನರಿಗೆ ತೆರೆದಿದ್ದ ಹೊಸ ಮೃಗಾಲಯ ಅದು. ಐವತ್ತು ಕಿಲೋಮೀಟರಿಗೂ ಜಾಸ್ತಿ ದಾರಿ.

ಮನೆ ಬಿಟ್ಟಾಗ ತಮ್ಮನಿಗೆ ಯೇಸು ಕ್ರಿಸ್ತ ದೇವರ ಮಗ ಅನ್ನೋ ನಂಬಿಕೆ ಇರಲಿಲ್ಲ. ಮೃಗಾಲಯ ತಲುಪಿದಾಗ ಇತ್ತು. ದಾರಿಯಲ್ಲಿ ಉಪದೇಶ ಇಲ್ಲ, ಪವಾಡ ಇಲ್ಲ. ಒಂದು ರಜೆಯ ದಿನ, ಅಣ್ಣನ ಗಾಡಿ, ಮುಖಕ್ಕೆ ಬಡಿಯೋ ಗಾಳಿ. ಇಷ್ಟೇ.

ಆ ಮೇಷ್ಟ್ರ ಹೆಸರು ಕ್ಲೈವ್ ಸ್ಟೇಪಲ್ಸ್ ಲೂಯಿಸ್. ಸಿ.ಎಸ್. ಲೂಯಿಸ್ ಅಂತಲೇ ಪ್ರಸಿದ್ಧರು. ಸ್ನೇಹಿತರಿಗೆ ಮಾತ್ರ ಜಾಕ್. ನಾರ್ನಿಯಾ ಸಿನಿಮಾದಲ್ಲಿ ಮಾತಾಡೋ ಸಿಂಹ ನೋಡಿದವರಿಗೆ ಇವರ ಕಥೆ ಗೊತ್ತು, ಬರೆದವರ ಹೆಸರು ಗೊತ್ತಿರಲಿಕ್ಕಿಲ್ಲ.

ಬಿಸ್ಕತ್ತು ಡಬ್ಬಿಯ ಮುಚ್ಚಳದಲ್ಲಿ ತೋಟ

ಲೂಯಿಸ್ ಹುಟ್ಟಿದ್ದು 1898ರ ನವೆಂಬರ್ 29ರಂದು, ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ. ತಂದೆ ವಕೀಲರು. ಮನೆ ತುಂಬಾ ಪುಸ್ತಕ. ಅಣ್ಣ ವಾರೆನ್ ಮೂರು ವರ್ಷ ದೊಡ್ಡವರು. ಚಿಕ್ಕಂದಿನಲ್ಲಿ ಒಂದು ದಿನ ವಾರೆನ್ ಬಿಸ್ಕತ್ತು ಡಬ್ಬಿಯ ಮುಚ್ಚಳದಲ್ಲಿ ಪಾಚಿ ಹಾಸಿ, ಕಡ್ಡಿ, ಹೂವು ಸಿಕ್ಕಿಸಿ ಆಟದ ತೋಟವೊಂದನ್ನು ಮಾಡಿ ತಂದರು. ಅದನ್ನು ನೋಡಿ ಆದ ಖುಷಿಯನ್ನು ಲೂಯಿಸ್ ದೊಡ್ಡವರಾದ ಮೇಲೂ ಮರೆಯಲಿಲ್ಲ. ಆ ಖುಷಿಯಲ್ಲಿ ಒಂದು ಹಂಬಲವೂ ಸೇರಿತ್ತು. ಏನೋ ಬೇಕು ಅನ್ನಿಸುತ್ತೆ, ಏನು ಅಂತ ಗೊತ್ತಾಗಲ್ಲ, ಹಿಡಿಯೋಕೆ ಹೋದರೆ ಸಿಗಲ್ಲ. ಇದು ಎಲ್ಲಿಂದ ಬರುತ್ತೆ ಅನ್ನೋ ಪ್ರಶ್ನೆಯೇ ಮುಂದೆ ಅವರ ಬದುಕನ್ನು ನಡೆಸಿತು.

1908ರ ಆಗಸ್ಟ್‌ನಲ್ಲಿ ತಾಯಿ ಫ್ಲೋರಾ ಕ್ಯಾನ್ಸರ್‌ನಿಂದ ತೀರಿಕೊಂಡರು. ಹುಡುಗನಿಗೆ ಆಗ ಒಂಬತ್ತು ವರ್ಷ. ಅಮ್ಮ ಉಳಿಯಲಿ ಅಂತ ಪ್ರಾರ್ಥನೆ ಮಾಡಿದ್ದ, ಅಮ್ಮ ಉಳಿಯಲಿಲ್ಲ. ಮುಂದಿನ ತಿಂಗಳೇ ಅವನನ್ನು ದೂರದ ಇಂಗ್ಲೆಂಡಿನ ಬೋರ್ಡಿಂಗ್ ಶಾಲೆಗೆ ಕಳಿಸಿದರು. ಹದಿಹರೆಯಕ್ಕೆ ಬರುವ ಹೊತ್ತಿಗೆ ದೇವರೇ ಇಲ್ಲ ಅನ್ನೋ ತೀರ್ಮಾನ ಗಟ್ಟಿಯಾಗಿತ್ತು.

ಆಮೇಲೆ ಮೊದಲ ಮಹಾಯುದ್ಧ. ಸರಿಯಾಗಿ 19ನೇ ಹುಟ್ಟುಹಬ್ಬದ ದಿನ ಲೂಯಿಸ್ ಫ್ರಾನ್ಸಿನ ಯುದ್ಧಭೂಮಿಗೆ ಕಾಲಿಟ್ಟರು. 1918ರ ಏಪ್ರಿಲ್‌ನಲ್ಲಿ ಶೆಲ್ ಸಿಡಿದು ಗಾಯಗೊಂಡರು. ಜೊತೆಯಲ್ಲಿ ತರಬೇತಿ ಪಡೆದ ಗೆಳೆಯ ಪ್ಯಾಡಿ ಮೂರ್ ವಾಪಸ್ ಬರಲೇ ಇಲ್ಲ. ನಮ್ಮಲ್ಲಿ ಒಬ್ಬ ಸತ್ತರೆ ಇನ್ನೊಬ್ಬ ಅವನ ಮನೆಯವರನ್ನು ನೋಡಿಕೊಳ್ಳಬೇಕು ಅಂತ ಇಬ್ಬರೂ ಮಾತಾಡಿಕೊಂಡಿದ್ದರು. ಲೂಯಿಸ್ ಆ ಮಾತಿಗೆ ತಪ್ಪಲಿಲ್ಲ. ಪ್ಯಾಡಿಯ ತಾಯಿ 1951ರಲ್ಲಿ ತೀರಿಕೊಳ್ಳುವ ತನಕ ನೋಡಿಕೊಂಡರು.

ರಾತ್ರಿಯೆಲ್ಲಾ ಮಾತು

1925ರಲ್ಲಿ ಆಕ್ಸ್‌ಫರ್ಡಿನ ಮಾಡ್ಲಿನ್ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕರಾದರು. ಹಳೇ ಕಾವ್ಯ, ಪುರಾಣ, ದಂತಕಥೆ ಅಂದರೆ ಪ್ರಾಣ. ಓದುತ್ತಾ ಓದುತ್ತಾ ಚಿಕ್ಕಂದಿನ ಹಂಬಲ ಮತ್ತೆ ಮತ್ತೆ ಎದ್ದು ಬರುತ್ತಿತ್ತು. ದೇವರು ಇದ್ದಾನೆ ಅನ್ನೋವರೆಗೆ ಬಂದರು, ಆದರೆ ಕ್ರಿಸ್ತನ ಹತ್ತಿರ ಬಂದು ನಿಂತುಬಿಟ್ಟರು.

1931ರ ಸೆಪ್ಟೆಂಬರ್ 19ರ ರಾತ್ರಿ ಊಟ ಮುಗಿಸಿ ಇಬ್ಬರು ಗೆಳೆಯರ ಜೊತೆ ಕಾಲೇಜಿನ ಕಾಲುದಾರಿಯಲ್ಲಿ ಅಡ್ಡಾಡೋಕೆ ಹೋದರು. ಒಬ್ಬರು ಹ್ಯೂಗೋ ಡೈಸನ್. ಇನ್ನೊಬ್ಬರು ಮುಂದೆ 'ಲಾರ್ಡ್ ಆಫ್ ದಿ ರಿಂಗ್ಸ್' ಬರೆದ ಟೋಲ್ಕಿನ್. ಮಾತು ಬೆಳಗಿನ ಜಾವದವರೆಗೂ ನಡೀತು. ಸತ್ತು ಎದ್ದು ಬರುವ ದೇವತೆಗಳ ಪುರಾಣ ಓದಿದರೆ ನಿನ್ನ ಮನಸ್ಸು ಕರಗುತ್ತೆ, ಕ್ರಿಸ್ತನ ಕಥೆ ಮಾತ್ರ ಯಾಕೆ ಬೇಡ, ಅದು ನಿಜವಾಗಿ ನಡೆದ ಪುರಾಣ ಅಂತ ಯಾಕೆ ನೋಡಬಾರದು ಎಂಬುದು ಗೆಳೆಯರ ವಾದ. ಅದು ಮನಸ್ಸಲ್ಲಿ ಕೂತಿತು. ಒಂಬತ್ತು ದಿನ ಕಳೆದ ಮೇಲೆ ಬಂದದ್ದೇ ಆ ಬೈಕ್ ಪ್ರಯಾಣ.

ಲೂಯಿಸ್ ತಾವೇ ಗಾಡಿ ಓಡಿಸುವವರಲ್ಲ. ಹುಟ್ಟಿನಿಂದಲೇ ಅವರ ಹೆಬ್ಬೆರಳಿಗೆ ಒಂದೇ ಕೀಲು. ಯಂತ್ರ, ಸಾಮಾನು ಹಿಡಿದು ಮಾಡೋ ಯಾವ ಕೆಲಸವೂ ಕೈಗೆ ಹತ್ತುತ್ತಿರಲಿಲ್ಲ. ಹಾಗಾಗಿ ಅಣ್ಣನ ಪಕ್ಕದಲ್ಲಿ ಸುಮ್ಮನೆ ಕೂರೋದೇ ಅವರ ಪಾಲಿಗೆ ಬಂದ ಸುಖ. ಮಾತು, ವಾದ ಎಲ್ಲ ಮುಗಿದು ಸುಮ್ಮನೆ ಕೂತಾಗ ನಂಬಿಕೆ ಬಂತು.

ವಾರೆನ್ ಕೂಡ ಅದೇ ವರ್ಷ ಪುನಃ ಪ್ರಾರ್ಥನೆ ಶುರು ಮಾಡಿದ್ದರು. ಆಮೇಲೆ ಸೈನ್ಯದ ಕೆಲಸಕ್ಕೆ ಚೀನಾದ ಶಾಂಘೈಗೆ ಹೋದರು. ಆ ವರ್ಷದ ಕ್ರಿಸ್‌ಮಸ್ ದಿನ ತಮ್ಮ ಆಕ್ಸ್‌ಫರ್ಡ್ ಪಕ್ಕದ ಹೆಡಿಂಗ್‌ಟನ್ ಕ್ವಾರಿಯ ಚರ್ಚ್‌ನಲ್ಲಿ, ಅಣ್ಣ ಶಾಂಘೈನಲ್ಲಿ ಎಷ್ಟೋ ವರ್ಷಗಳ ನಂತರ ಪ್ರಭುಭೋಜನ ಸ್ವೀಕರಿಸಿದರು. ಇಬ್ಬರೂ ಮೊದಲೇ ಮಾತಾಡಿಕೊಂಡಿರಲಿಲ್ಲ.

ಸೈತಾನನಿಗೆ ಸೋಲು ತಂದ ಚಹಾ

ಭಕ್ತಿ ಬಂದ ಮೇಲೆ ಲೂಯಿಸ್ ಮುಖ ಗಂಟು ಹಾಕಿಕೊಂಡು ಕೂರಲಿಲ್ಲ. ದೊಡ್ಡ ಕಪ್ಪಿನಲ್ಲಿ ಚಹಾ, ಜೊತೆಗೆ ದಪ್ಪ ಪುಸ್ತಕ ಸಿಕ್ಕಿದರೆ ಸಾಕಿತ್ತು. ಗೆಳೆಯರ ಜೊತೆ ದಿನಗಟ್ಟಲೆ ಹಳ್ಳಿ ದಾರಿಯಲ್ಲಿ ನಡೆಯುತ್ತಿದ್ದರು. ಮನೆ ಹಿಂದಿನ ಕೊಳದಲ್ಲಿ ಈಜುತ್ತಿದ್ದರು. ವಾರಕ್ಕೊಮ್ಮೆ 'ಈಗಲ್ ಅಂಡ್ ಚೈಲ್ಡ್' ಎಂಬ ಪಬ್‌ನಲ್ಲಿ ಟೋಲ್ಕಿನ್ ಮುಂತಾದವರ ಜೊತೆ ಕೂತು ಬಿಯರ್, ಹರಟೆ, ನಗು.

1942ರಲ್ಲಿ ಬಂದ 'ಸ್ಕ್ರೂಟೇಪ್ ಲೆಟರ್ಸ್' ಪುಸ್ತಕದಲ್ಲಿ ಇದರ ಗುಟ್ಟು ಇದೆ. ಮನುಷ್ಯನೊಬ್ಬನನ್ನು ಹಾಳು ಮಾಡೋದು ಹೇಗೆ ಅಂತ ಹಿರಿಯ ಪಿಶಾಚಿಯೊಂದು ತನ್ನ ಸೋದರಳಿಯನಿಗೆ ಬರೆಯೋ ಕಾಗದಗಳ ಪುಸ್ತಕ ಅದು. ಒಂದು ಕಡೆ ಮಾವ ಸಿಟ್ಟಾಗಿ ಬೈತಾನೆ. ಕಾರಣ, ಕೈಯಲ್ಲಿದ್ದ ಮನುಷ್ಯ ತಪ್ಪಿಸಿಕೊಂಡಿದ್ದಾನೆ. ಹೇಗೆ ಅಂದರೆ, ಅವನು ತನಗೆ ಇಷ್ಟವಾದ ಪುಸ್ತಕ ಓದಿದ, ಹಳೇ ಗಿರಣಿವರೆಗೆ ನಡೆದುಹೋಗಿ ಚಹಾ ಕುಡಿದ. ಯಾರಿಗೋ ತೋರಿಸೋಕಲ್ಲ, ತನ್ನ ಖುಷಿಗೆ. ಅಷ್ಟರಲ್ಲೇ ಮನಸ್ಸು ಶುದ್ಧವಾಗಿ ದೇವರ ಕಡೆ ತಿರುಗಿತು. ಲೂಯಿಸ್ ನಂಬಿದ್ದು ಇದನ್ನೇ. ನಿಜವಾದ ಸುಖವೆಲ್ಲ ದೇವರೇ ಮಾಡಿದ್ದು, ಸೈತಾನ ಒಂದನ್ನೂ ಹುಟ್ಟಿಸಲಾರ. ಇರೋದನ್ನು ಹೊತ್ತಲ್ಲದ ಹೊತ್ತಿನಲ್ಲಿ, ಅಳತೆ ಮೀರಿ ತೆಗೆದುಕೊಳ್ಳುವಂತೆ ಮಾಡಿ ಕೆಡಿಸಬಲ್ಲ ಅಷ್ಟೇ. ಅಳತೆ ಮೀರಿದರೆ ಏನಾಗುತ್ತೆ ಅನ್ನೋದನ್ನು ಅವರು ಮನೆಯಲ್ಲೇ ಕಂಡಿದ್ದರು. ಪ್ರೀತಿಯ ಅಣ್ಣ ವಾರೆನ್ ವರ್ಷಗಟ್ಟಲೆ ಕುಡಿತದ ಚಟದಿಂದ ನರಳಿದರು. ತಮ್ಮ ಕೈಬಿಡಲಿಲ್ಲ.

ಎರಡನೇ ಮಹಾಯುದ್ಧದ ಕಾಲದಲ್ಲಿ ಬಿಬಿಸಿ ರೇಡಿಯೋದಲ್ಲಿ ಲೂಯಿಸ್ ಮಾಡಿದ ಭಾಷಣಗಳು ಮನೆಮಾತಾದವು. ಬಂದ ದುಡ್ಡನ್ನು ವಿಧವೆಯರಿಗೆ, ಕಷ್ಟದಲ್ಲಿದ್ದವರಿಗೆ ಕೊಟ್ಟುಬಿಟ್ಟರು. ಆದಾಯಕ್ಕೆ ತೆರಿಗೆ ಕಟ್ಟಬೇಕು ಅನ್ನೋದು ತಲೆಯಲ್ಲಿರಲಿಲ್ಲ. ಕೈಯಲ್ಲಿ ಇಲ್ಲದ ದುಡ್ಡಿಗೆ ತೆರಿಗೆ ಬಿಲ್ಲು ಬಂತು. ಕೊನೆಗೆ ವಕೀಲ ಗೆಳೆಯ ಓವನ್ ಬಾರ್ಫೀಲ್ಡ್ ಒಂದು ದತ್ತಿ ನಿಧಿ ಮಾಡಿಕೊಟ್ಟು ಲೆಕ್ಕ ಸರಿಪಡಿಸಿದರು. 1950ರಿಂದ 1956ರೊಳಗೆ ನಾರ್ನಿಯಾದ ಏಳು ಪುಸ್ತಕ ಬಂದವು.

ಖುಷಿ ಹೆಸರಿನ ಹೆಂಡತಿ

ಐವತ್ತು ದಾಟಿದ ಬ್ರಹ್ಮಚಾರಿಯ ಬದುಕಿಗೆ ಜಾಯ್ ಡೇವಿಡ್‌ಮನ್ ಎಂಬ ಅಮೆರಿಕದ ಲೇಖಕಿ ಬಂದರು. ಜಾಯ್ ಅಂದರೆ ಸಂತೋಷ. ಅವರು ಬ್ರಿಟನ್ನಿನಲ್ಲೇ ಉಳಿಯೋಕೆ ಅನುಕೂಲವಾಗಲಿ ಅಂತ 1956ರಲ್ಲಿ ರಿಜಿಸ್ಟರ್ ಮದುವೆ. ಅದೇ ವರ್ಷ ಅವರಿಗೆ ಕ್ಯಾನ್ಸರ್ ಅಂತ ಗೊತ್ತಾಯ್ತು. 1957ರ ಮಾರ್ಚ್‌ನಲ್ಲಿ ಆಸ್ಪತ್ರೆಯ ಹಾಸಿಗೆ ಪಕ್ಕದಲ್ಲಿ ಪಾದ್ರಿಯೊಬ್ಬರು ಧಾರ್ಮಿಕ ವಿಧಿಯಂತೆ ಮದುವೆ ಮಾಡಿಸಿದರು. ಸಾಯುತ್ತಾರೆ ಅಂದುಕೊಂಡವರು ಎದ್ದು ಓಡಾಡಿದರು. ಗಂಡ ಹೆಂಡತಿ ಐರ್ಲೆಂಡ್ ನೋಡಿದರು, 1960ರ ಏಪ್ರಿಲ್‌ನಲ್ಲಿ ಗ್ರೀಸ್ ಸುತ್ತಿ ಬಂದರು. ಜುಲೈ 13ರಂದು ಜಾಯ್ ತೀರಿಕೊಂಡರು.

ಅಮ್ಮನನ್ನು ಕಿತ್ತುಕೊಂಡ ಕಾಯಿಲೆಯೇ ಹೆಂಡತಿಯನ್ನೂ ಕಿತ್ತುಕೊಂಡಿತ್ತು. ಒಂಬತ್ತು ವರ್ಷದ ಹುಡುಗನ ಪ್ರಶ್ನೆ 61 ವರ್ಷದವರ ಮುಂದೆ ಮತ್ತೆ ಬಂದು ನಿಂತಿತು. ಲೂಯಿಸ್ ದುಃಖವನ್ನು ಮುಚ್ಚಿಡಲಿಲ್ಲ. ದೇವರ ಮೇಲಿನ ಸಿಟ್ಟು, ಅನುಮಾನ ಎಲ್ಲವನ್ನೂ ನೋಟ್‌ಬುಕ್‌ಗಳಲ್ಲಿ ಬರೆದು, 1961ರಲ್ಲಿ ಬೇರೆ ಹೆಸರಿನಲ್ಲಿ ಪುಸ್ತಕ ಮಾಡಿದರು. ನಂಬಿಕೆ ಅಲ್ಲಾಡಿತು, ಮುರಿಯಲಿಲ್ಲ. ಜಾಯ್ ಅವರ ಇಬ್ಬರು ಗಂಡುಮಕ್ಕಳನ್ನು ಸಾಕಿದರು.

1963ರ ನವೆಂಬರ್ 22ರಂದು ಲೂಯಿಸ್ ತಮ್ಮ ಮನೆಯಲ್ಲಿ ನಿಧನರಾದರು. 65 ತುಂಬೋಕೆ ಒಂದು ವಾರ ಬಾಕಿ ಇತ್ತು. ಅದೇ ದಿನ ಅಮೆರಿಕದ ಅಧ್ಯಕ್ಷ ಕೆನಡಿ ಹತ್ಯೆಯಾಯಿತು. ಹಾಗಾಗಿ ಈ ಸುದ್ದಿಯನ್ನು ಹೆಚ್ಚು ಜನ ಗಮನಿಸಲಿಲ್ಲ.

1973ರಲ್ಲಿ ವಾರೆನ್ ತೀರಿಕೊಂಡರು. ಹೆಡಿಂಗ್‌ಟನ್ ಕ್ವಾರಿಯ ಅದೇ ಚರ್ಚಿನ ಅಂಗಳದಲ್ಲಿ ಅಣ್ಣ ತಮ್ಮ ಇಬ್ಬರಿಗೂ ಒಂದೇ ಸಮಾಧಿ. ವಿಪ್‌ಸ್ನೇಡ್ ಮೃಗಾಲಯಕ್ಕೆ ಇವತ್ತಿಗೂ ಜನ ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆ.